ಪಕ್ಕದ ಮಂಚದ ಬೆಟ್ಟಮ್ಮ

ಕ್ಷಯದ ಆಸ್ಪತ್ರೆಯಿಂದ ಗುಣವಾಗಿ ಸುಮಿತ್ರಮ್ಮ ಲಕ್ಷ್ಮೀಪುರಂನ ಮನೆಗೆ ಮರಳಿದ್ದು ದೀಪಾವಳಿಯ ಆಸುಪಾಸಿನಲ್ಲಿ. ಬಂದ ಮೊದಲ ವಾರದಲ್ಲೇ ಆಕೆಗೆ ಆ ಕೆಮ್ಮು ಕೇಳಿಸಿತು.

ದೀಪ ಹಚ್ಚುವ ಹೊತ್ತು. ಅತ್ತೆ ಬಸಮ್ಮನವರು ನಡುಮನೆಯಲ್ಲಿ ಲಿಂಗಪೂಜೆಗೆ ಕೂತಿದ್ದರು. ಗಂಡ ವೃಷಭೇಂದ್ರಪ್ಪ ಸರ್ಕಾರಿ ಕೆಲಸದ ಅಠಾರಾ ಕಚೇರಿಯಿಂದ ಇನ್ನೂ ಬಂದಿರಲಿಲ್ಲ. ಹಿತ್ತಲ ಕಡೆಯ ಕೋಣೆಯಲ್ಲಿ, ತನಗೆಂದೇ ಬೇರೆಯಾಗಿ ಹಾಕಿದ್ದ ಮಂಚದ ಮೇಲೆ ಸುಮಿತ್ರಮ್ಮ ಸುಮ್ಮನೆ ಕೂತಿದ್ದಳು. ಬೀದಿ ಜಗುಲಿಯ ಕಡೆಯಿಂದ ಯಾರೋ ಕೆಮ್ಮಿದರು. ಎರಡು ಚಿಕ್ಕ ಕೆಮ್ಮು, ಉಸಿರು ಹಿಡಿದಂತೆ ಒಂದು ಬಿಡುವು, ಆಮೇಲೆ ಎದೆಯ ಆಳದಿಂದ ಕಿತ್ತುಕೊಂಡು ಬಂದ ಉದ್ದನೆಯ ಕೆಮ್ಮು. ಕೊನೆಗೆ, ಇದೆಲ್ಲ ಒಂದು ತಮಾಷೆ ಎಂಬಂತೆ ಗಂಟಲಲ್ಲೇ ನಕ್ಕ ಸದ್ದು.

ಆ ಕೆಮ್ಮನ್ನು ಸುಮಿತ್ರಮ್ಮ ವರ್ಷಕ್ಕೂ ಮೇಲೆ ಪಕ್ಕದ ಮಂಚದಿಂದ ಕೇಳಿದ್ದಳು. ಅದು ಬೆಟ್ಟಮ್ಮನ ಕೆಮ್ಮು. ಬೆಟ್ಟಮ್ಮ ಆಷಾಢದಲ್ಲಿ ಸತ್ತಿದ್ದಳು.

ಎದ್ದು ಹೋಗಿ ನೋಡಿದಳು. ಜಗುಲಿಯ ಮೇಲೆ ಯಾರೂ ಇರಲಿಲ್ಲ. ಎದುರುಮನೆಯ ಹೆಂಗಸು ಹೊಸಿಲಿಗೆ ನೀರು ಹಾಕುತ್ತಿದ್ದವಳು ಸುಮಿತ್ರಮ್ಮನನ್ನು ಕಂಡು ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ಹೋದಳು.

"ಅತ್ತೆ, ಯಾರಾದ್ರೂ ಬಂದಿದ್ರಾ?"

ಬಸಮ್ಮನವರು ಪೂಜೆಯಿಂದ ತಲೆ ಎತ್ತಲಿಲ್ಲ. "ಯಾರೂ ಬಂದಿಲ್ಲ. ನೀನು ಯಾಕಮ್ಮ ಈಚೆ ಬಂದೆ? ಒಳಗಿರು, ಥಂಡಿ ಆಗತ್ತೆ."

ಥಂಡಿಯ ಮಾತು ನೆಪಕ್ಕೆ. ಡಾಕ್ಟರು ಎಕ್ಸ್-ರೇ ತೆಗೆದು, ಕಫ ಪರೀಕ್ಷೆ ಮಾಡಿಸಿ, "ನಿಮ್ಮಿಂದ ಇನ್ನು ಯಾರಿಗೂ ಭಯವಿಲ್ಲ" ಎಂದು ಹೇಳಿಯೇ ಮನೆಗೆ ಕಳಿಸಿದ್ದರು. ಆ ಮಾತು ಲಕ್ಷ್ಮೀಪುರಂನ ಹೊಸಿಲು ದಾಟಿರಲಿಲ್ಲ. ಸುಮಿತ್ರಮ್ಮನ ತಟ್ಟೆ ಬೇರೆ, ಲೋಟ ಬೇರೆ, ಬಟ್ಟೆ ಒಗೆಯುವ ಕಲ್ಲೂ ಬೇರೆ. ಐದು ತುಂಬುತ್ತಿದ್ದ ಮಗಳು ನೀಲಾಂಬಿಕೆ ಬಾಗಿಲ ಚೌಕಟ್ಟು ಹಿಡಿದು ತಾಯಿಯನ್ನು ನೋಡುತ್ತ ನಿಲ್ಲುತ್ತಿದ್ದಳು. ಒಂದು ಹೆಜ್ಜೆ ಮುಂದಿಟ್ಟರೆ ಅಜ್ಜಿಯ ಕೈ ಎಲ್ಲಿಂದಲೋ ಬಂದು ಅವಳ ರಟ್ಟೆ ಹಿಡಿಯುತ್ತಿತ್ತು. ಬಸಮ್ಮನವರು ಕೆಟ್ಟವರಲ್ಲ. ಇದೇ ರೋಗಕ್ಕೆ ಇಬ್ಬರು ಮಕ್ಕಳನ್ನು ಕೊಟ್ಟವರು. ಅದು ಗೊತ್ತಿದ್ದೇ ಸುಮಿತ್ರಮ್ಮ ಬಾಯಿ ಮುಚ್ಚಿಕೊಂಡಿದ್ದಳು.

ಬಾಯಿ ಮುಚ್ಚಿಕೊಳ್ಳುವುದು ಆಕೆಗೆ ಹುಟ್ಟಿನಿಂದ ಬಂದ ಅಭ್ಯಾಸ. ಬೆಟ್ಟಮ್ಮನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಕನ್ನಂಬಾಡಿ ರಸ್ತೆಯಲ್ಲಿ, ಊರು ದಾಟಿದ ಮೇಲೆ ಸಿಗುತ್ತಿತ್ತು ಆಸ್ಪತ್ರೆ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಹೊಸ ಸೂಜಿಮದ್ದು ಬಂದಿದೆ, ಮುಂಚಿನ ಹಾಗೆ ಎಲ್ಲರೂ ಸಾಯುವುದಿಲ್ಲ ಎಂದು ಜನ ಹೇಳುತ್ತಿದ್ದ ಕಾಲ. ಹೆಂಗಸರ ವಾರ್ಡಿನ ಮುಂದೆ ಉದ್ದನೆಯ ವರಾಂಡ. ಶುದ್ಧ ಗಾಳಿ ಬೇಕೆಂದು ಮಂಚಗಳನ್ನೆಲ್ಲ ಅಲ್ಲೇ ಸಾಲಾಗಿ ಹಾಕಿದ್ದರು. ಸುಮಿತ್ರಮ್ಮ ಹೋದ ದಿನ ಪಕ್ಕದ ಮಂಚದಲ್ಲಿದ್ದ ಹೆಂಗಸು ಕಂಬಳಿ ಹೊದ್ದು, ಗೋಡೆಗೆ ಒರಗಿ, ಈಕೆಯ ತಟ್ಟೆಯನ್ನೇ ನೋಡುತ್ತಿದ್ದಳು. ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ ಇತ್ತು. ಸುಮಿತ್ರಮ್ಮ ಅದನ್ನು ನೋಡಿ ಅಳುವುದಕ್ಕೆ ಶುರುಮಾಡಿದ್ದಳು.

"ಅಮ್ಮಾವ್ರೆ, ಮೊಟ್ಟೆ ತಿನ್ನಕಿಲ್ವಾ?"

"ನಮ್ಮಲ್ಲಿ ತಿನ್ನೋಲ್ಲ. ನಾವು ಲಿಂಗಾಯಿತರು."

"ತಿನ್ನದೆ ಇದ್ರೆ ಡಾಕುಟ್ರು ಬಯ್ತಾರೆ. ಒಂದ್ ಕೆಲ್ಸ ಮಾಡಾನ. ನಿಮ್ ಮೊಟ್ಟೆ ನಂಗೆ, ನನ್ ಹಾಲು ನಿಮ್ಗೆ. ನಿಮ್ ಲಿಂಗಪ್ಪನೂ ಮುನಿಸ್ಕಳಲ್ಲ, ನನ್ ಹೊಟ್ಟೆನೂ ತಣ್ಣಗಿರ್ತದೆ."

ಹಾಗೆ ಶುರುವಾಯಿತು. ಅಮ್ಮಾವ್ರೆ ಎನ್ನುತ್ತಿದ್ದವಳು ತಿಂಗಳೊಳಗೆ ಸುಮಿತ್ರವ್ವ ಎಂದಳು, ಆಮೇಲೆ ಬರೀ ಅವ್ವ. ಆಸ್ಪತ್ರೆಯಿಂದ ಕೂಗಳತೆಯಲ್ಲಿದ್ದ ಮೇಟಗಳ್ಳಿ ಅವಳ ಗಂಡನ ಊರು. ಮಹದೇವು ಅಂತ ಗಂಡ, ಬೇಸಾಯ, ಎರಡು ಎಮ್ಮೆ. ಏಳು ವರ್ಷದ ಮಗಳು ಚಾಮುಂಡೇಶ್ವರಿ, ಮನೆಯಲ್ಲಿ ಚಾಮಿ. ಜ್ವರ ಏರಿದ ಮಧ್ಯಾಹ್ನಗಳಲ್ಲಿ ಸುಮಿತ್ರಮ್ಮ ಮಗಳು ನೀಲನ ಹೆಸರು ಹಿಡಿದು ಬಡಬಡಿಸಿದರೆ, ಬೆಟ್ಟಮ್ಮ ತನ್ನ ಮಂಚದಿಂದ ಎದ್ದುಬಂದು ಒದ್ದೆಬಟ್ಟೆ ಹಾಕುತ್ತಿದ್ದಳು. ಸಿಸ್ಟರು ಗದರಿದರೆ, "ನಾನೂ ಅದೇ ಕಾಯಿಲೆಯೋಳು, ನಂಗೇನ್ ಅಂಟೀತು ಬುಡಿ" ಎಂದು ನಗುತ್ತಿದ್ದಳು. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ಮುಗಿದ ಮೇಲೆ ಇನ್ನೊಮ್ಮೆ ನಗುತ್ತಿದ್ದಳು.

"ಮಾತಾಡ್ವಾಗ ಯಾಕವ್ವ ಸೆರಗು ಬಾಯಿಗ್ ಇಕ್ಕತೀಯೆ?" ಎಂದು ಒಮ್ಮೆ ಕೇಳಿದಳು. "ಏನ್ ಕದ್ದಿದ್ದೀಯೆ ಬಾಯೊಳಗೆ?"

ಭಾನುವಾರ ವೃಷಭೇಂದ್ರಪ್ಪ ಕಿತ್ತಳೆಹಣ್ಣು ಹಿಡಿದು ಬಂದು, ಅಂಗಳದ ಬೆಂಚಿನ ಮೇಲೆ ಕೂತು, ಹೆಂಡತಿಯನ್ನು ದೂರದಿಂದ ನೋಡಿ ಹೋಗುತ್ತಿದ್ದರು. ಮಗಳನ್ನು ಕರೆದುಕೊಂಡು ಬನ್ನಿ ಎನ್ನಲು ಸುಮಿತ್ರಮ್ಮನಿಗೆ ಧೈರ್ಯ ಬರುತ್ತಿರಲಿಲ್ಲ. ಒಂದು ಭಾನುವಾರ ಬೆಟ್ಟಮ್ಮನೇ ವರಾಂಡದ ಕಟ್ಟೆಗೆ ಎದೆ ಕೊಟ್ಟು ಕೂಗಿದಳು: "ಅಯ್ಯಾ, ಮುಂದಿನ್ ವಾರ ಮೊಗೀನ ಕರ್ಕಬನ್ನಿ. ಅಲ್ಲೇ ಅಂಗ್ಳದಲ್ ನಿಲ್ಸಿ ತೋರ್ಸಿ. ಕಣ್ಣಿಗೇನ್ ರೋಗ ಅಂಟಕಿಲ್ಲ." ವೃಷಭೇಂದ್ರಪ್ಪ ತಬ್ಬಿಬ್ಬಾದರು. ಆದರೆ ಮುಂದಿನ ವಾರ ನೀಲ ಅಂಗಳದಲ್ಲಿ ಕೆಂಪು ಲಂಗ ತೊಟ್ಟು ನಿಂತಿತ್ತು.

ಬೆಟ್ಟಮ್ಮನನ್ನು ನೋಡಲು ಮಾತ್ರ ಯಾರೂ ಬರಲಿಲ್ಲ. ಸಂತೆಪೇಟೆಗೆ ಹೋಗುವ ಅವಳ ಊರಿನ ಗಾಡಿಗಳೆಲ್ಲ ಆಸ್ಪತ್ರೆಯ ಮುಂದೆಯೇ ಹಾಯುತ್ತಿದ್ದವು. ಎತ್ತಿನ ಗೆಜ್ಜೆಯಲ್ಲೇ ಅವಳಿಗೆ ಯಾರ ಗಾಡಿಯೆಂದು ತಿಳಿಯುತ್ತಿತ್ತು. ಒಂದು ಬೆಳಗ್ಗೆ ಅವಳು ಸರ್ರನೆ ಎದ್ದು ಕಟ್ಟೆಯ ಮೇಲೆ ಹತ್ತಿ ನಿಂತು, "ಭಾವಾ! ಓ ಭಾವಾ! ನಿಲ್ಸಿ!" ಎಂದು ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು. ಗಾಡಿ ಹೊಡೆಯುತ್ತಿದ್ದವನು ಅವಳ ಗಂಡನ ಅಣ್ಣ ಕೃಷ್ಣಪ್ಪ. ಅವನು ಇತ್ತ ತಿರುಗದೆ ಎತ್ತಿನ ಬಾಲ ತಿರುಚಿದ. ಗಾಡಿ ದಡಬಡ ಓಡಿತು.

ಬೆಟ್ಟಮ್ಮ ಇಳಿದು ಬಂದು ಮಂಚದ ಮೇಲೆ ಕೂತಳು. ತುಟಿಯ ಮೇಲೆ ರಕ್ತವಿತ್ತು.

"ಗಾಡಿ ಹಿಂದ್ಗಡೆ ನನ್ ಮೊಗ ಕೂತಿತ್ತು ಕಣವ್ವ," ಎಂದಳು. "ತಿರುಗಿ ನೋಡ್ತು."

ಯಾಕೆ ಗಾಡಿ ನಿಲ್ಲಲಿಲ್ಲ ಎನ್ನುವುದು ಆಮೇಲೆ ತಿಳಿಯಿತು. ವಾರ್ಡಿನಲ್ಲಿ ನೆಲ ಒರೆಸುತ್ತಿದ್ದ ಆಯಾ ಅವಳ ಊರಿನ ಪಕ್ಕದವಳು, ಹೇಳಬಾರದೆಂದುಕೊಂಡೇ ಹೇಳಿಬಿಟ್ಟಳು. ಬೆಟ್ಟಮ್ಮ ಸತ್ತಳೆಂದು ಊರಲ್ಲಿ ಸಾರಿಯಾಗಿತ್ತು. ತಿಥಿ ಮಾಡಿ ಊಟ ಹಾಕಿಸಿದ್ದರು. ಮಹದೇವುಗೆ ಎರಡನೆಯ ಮದುವೆಯೂ ಆಗಿತ್ತು.

ಬೆಟ್ಟಮ್ಮ ರಸ್ತೆಯ ಕಡೆ ತಿರುಗಿ ನೋಡಿದಳು. ಆಮೇಲೆ, "ನನ್ ತಿಥಿ ಊಟಕ್ಕೆ ಏನ್ ಮಾಡಿದ್ರಂತೆ, ಕೇಳೇ," ಎಂದಳು ಆಯಾಳನ್ನು. "ಅದೊಂದ್ ಊಟ ತಪ್ಪೋಯ್ತಲ್ಲ ನಂಗೆ."

ಅಂದಿನಿಂದ ಅವಳು ತನ್ನನ್ನು ದೆವ್ವ ಎಂದೇ ಕರೆದುಕೊಂಡಳು. ಸಿಸ್ಟರು ಸೂಜಿ ಹಿಡಿದು ಬಂದರೆ, "ದೆವ್ವಕ್ಕೆ ಯಾಕವ್ವ ಸೂಜಿ?" ಎನ್ನುವಳು. ಎಲ್ಲರೂ ನಗುವರು. ಸುಮಿತ್ರಮ್ಮ ನಗುತ್ತಿರಲಿಲ್ಲ. ಬದುಕಿರುವಾಗಲೇ ಸತ್ತವಳ ಪಕ್ಕದಲ್ಲಿ ಮಲಗುವುದು ಆಕೆಗೆ ಹೆದರಿಕೆ ತರುತ್ತಿತ್ತು. ಕೆಲವು ಸಲ ಬಿಸಿಲಲ್ಲಿ ಬೆಟ್ಟಮ್ಮ ಕಣ್ಣು ಮುಚ್ಚಿ ಮಲಗಿದ್ದಾಗ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಕೈಚಾಚಿ ಮುಟ್ಟಿ ನೋಡುತ್ತಿದ್ದಳು.

ಸೂಜಿಮದ್ದು ಸುಮಿತ್ರಮ್ಮನಿಗೆ ಹಿಡಿಯಿತು. ಬೆಟ್ಟಮ್ಮನಿಗೆ ಹಿಡಿಯಲಿಲ್ಲ, ತೀರ ತಡವಾಗಿ ಬಂದವಳು. ಆಷಾಢದ ಒಂದು ಮಧ್ಯಾಹ್ನ, ಜಡಿಮಳೆ ವರಾಂಡದ ಅಂಚನ್ನು ತೋಯಿಸುತ್ತಿದ್ದಾಗ ಅವಳು ಸುಮಿತ್ರಮ್ಮನ ಕೈ ಹಿಡಿದಳು.

"ನೀನು ಬದುಕ್ತೀಯೆ. ಈಚೆ ಓದ್ಮೇಕೆ ಒಂದ್ ಕಿತ ಚಾಮಿ ಎಂಗವ್ಳೆ ನೋಡ್ಕೊಂಡ್ ಬಾ."

"ನಿನ್ನ ವಿಷಯ ಏನ್ ಹೇಳ್ಲಿ?"

"ಏನೂ ಏಳ್ಬ್ಯಾಡ. ನಾನ್ ಸತ್ತೋಗಿವ್ನಿ ಅಂತ ಮೊಗ ಅಂದ್ಕೊಂಡದೆ. ಅಂಗೇ ಇರ್ಲಿ. ಎರಡ್ ಸಾರಿ ಯಾಕ್ ಸಾಯ್ಸಾದು? ಸುಮ್ಕೆ ನೋಡ್ಕೊಂಡ್ ಬಾ."

ಮಳೆ ನಿಲ್ಲುವ ಮುಂಚೆ ಅವಳು ಹೋದಳು. ಊರಿಗೆ ಹೇಳಿಕಳಿಸಿದರು; ಯಾರೂ ಬರಲಿಲ್ಲ. ಒಮ್ಮೆ ತಿಥಿ ಮಾಡಿದವರು ಇನ್ನೊಮ್ಮೆ ಹೆಣ ಹೊರಲು ಹೇಗೆ ಬಂದಾರು? ಆಸ್ಪತ್ರೆಯ ಆಳುಗಳೇ ಹಿಂದಿನ ಗೇಟಿನಿಂದ ಹೊತ್ತು ಹೋದರು. ಸುಮಿತ್ರಮ್ಮ ವರಾಂಡದ ಕೊನೆಯತನಕ ಹೋಗಿ ನಿಂತು ನೋಡಿದಳು. ಅಳು ಬರಲಿಲ್ಲ. ಮಾರನೆಯ ದಿನ ಊಟದಲ್ಲಿ ಮೊಟ್ಟೆ ಬಂದಾಗ ಬಂತು.

ಈಗ ಲಕ್ಷ್ಮೀಪುರಂನ ಮನೆಯಲ್ಲಿ ಆ ಕೆಮ್ಮು ಬಿಡದೆ ಕೇಳಿಸತೊಡಗಿತು. ಮುಸ್ಸಂಜೆಯಲ್ಲಿ ಜಗುಲಿಯಿಂದ, ಮಟಮಟ ಮಧ್ಯಾಹ್ನ ಹಿತ್ತಲ ಕರಿಬೇವಿನ ಗಿಡದ ಕಡೆಯಿಂದ. ತನ್ನ ಕಾಯಿಲೆಯೇ ಮರಳಿತೇ ಎಂದು ಮೊದಲು ಹೆದರಿದಳು. ವೃಷಭೇಂದ್ರಪ್ಪ ಡಾಕ್ಟರ ಹತ್ತಿರ ಕರೆದೊಯ್ದರು. ಎದೆ ಸ್ವಚ್ಛವಾಗಿತ್ತು. ಆಮೇಲೆ ಗಂಡನಿಗೆ ಇದ್ದ ವಿಷಯ ಹೇಳಿದಳು; ಬಾಗಿಲ ಮರೆಯಲ್ಲಿದ್ದ ಬಸಮ್ಮನವರ ಕಿವಿಗೂ ಅದು ಬಿತ್ತು.

"ಅಲ್ಲಿ ಸತ್ತೋರು ಬೆನ್ನು ಹತ್ತಿ ಬರ್ತಾರೆ ಅಂತ ನಾನು ಆಗ್ಲೇ ಅಂದೆ," ಎಂದು ಅವರು ಹಣೆ ಚಚ್ಚಿಕೊಂಡರು. ಮಠದ ಅಯ್ಯನವರನ್ನು ಕರೆಸಿದರು. ಅಯ್ಯನವರು ವಿಭೂತಿ ಮಂತ್ರಿಸಿ ಕೊಟ್ಟು ತೋಳಿಗೆ ತಾಯಿತ ಕಟ್ಟಿದರು. ಅವರು ಮೆಟ್ಟಿಲು ಇಳಿಯುತ್ತಿದ್ದ ಹಾಗೆಯೇ ಜಗುಲಿಯ ಮೇಲೆ ಬೆಟ್ಟಮ್ಮ ಕೆಮ್ಮಿ ನಕ್ಕಳು.

ಸುಮಿತ್ರಮ್ಮ ಸೊರಗಿದಳು. ಕೆಮ್ಮು ಏನು ಕೇಳುತ್ತಿದೆ ಎನ್ನುವುದು ಆಕೆಗೆ ಗೊತ್ತಿತ್ತು. ಮೇಟಗಳ್ಳಿಗೆ ಹೋಗಬೇಕು. ಆದರೆ ಕೋಣೆಯಿಂದ ನಡುಮನೆಗೆ ಬರಲು ಅಪ್ಪಣೆ ಇಲ್ಲದವಳು ಊರಾಚೆಗೆ ಹೋಗುವುದು ಹೇಗೆ?

ಅದಕ್ಕೆ ದಾರಿ ತೆರೆದದ್ದು ಸಂಕ್ರಾಂತಿಯ ದಿನ. ನೀಲ ಹೊಸಬಟ್ಟೆ ತೊಟ್ಟು, ಎಳ್ಳುಬೆಲ್ಲದ ತಟ್ಟೆ ಹಿಡಿದು, ಮನೆಮಂದಿಗೆಲ್ಲ ಬೀರುತ್ತ ತಾಯಿಯ ಕೋಣೆಯ ಬಾಗಿಲಿಗೂ ಬಂತು. ಹೊಸಿಲು ದಾಟಿತು. ಬಸಮ್ಮನವರು ಓಡಿಬಂದು ಮಗುವಿನ ತೋಳನ್ನು ಹಿಡಿದೆಳೆದರು. ತಟ್ಟೆ ಬಿತ್ತು, ಎಳ್ಳು ನೆಲದ ತುಂಬ ಚೆಲ್ಲಿತು. ನೀಲ ಕಿರುಚಿತು.

ಕೆಮ್ಮು ಆಗ ಹಿತ್ತಲಲ್ಲಿ ಕೇಳಿಸಲಿಲ್ಲ, ಜಗುಲಿಯಲ್ಲೂ ಅಲ್ಲ. ತನ್ನ ಎದೆಯೊಳಗೇ ಏನೋ ಕಿತ್ತುಕೊಂಡು ಮೇಲೆ ಬಂದ ಹಾಗಾಯಿತು ಸುಮಿತ್ರಮ್ಮನಿಗೆ. ಎದ್ದು ನಿಂತಳು. ಬಾಯಿಂದ ಬಂದ ದನಿ ದೊಡ್ಡದಾಗಿತ್ತು, ಒರಟಾಗಿತ್ತು.

"ಯಾಕವ್ವ ಮೊಗೀನ ಅಂಗ್ ಎಳ್ದಾಡ್ತೀಯೆ? ಬುಡು ಕೈಯ! ರೋಗ ಓಯ್ತು ಅಂತ ಡಾಕುಟ್ರು ಏಳಿಲ್ವಾ? ಎತ್ತ ತಾಯಿ ಮೈ ಮುಟ್ಟಕ್ಕೆ ಮೊಗ ಯಾರ್ನ ಕೇಳ್ಬೇಕು?"

ಬಸಮ್ಮನವರ ಕೈ ತಾನಾಗಿ ಸಡಿಲಿತು. ವೃಷಭೇಂದ್ರಪ್ಪ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದರು. ಮದುವೆಯಾದಾಗಿನಿಂದ ಸೆರಗಿನ ಹಿಂದೆ ಮಾತಾಡಿದವಳು, ಅತ್ತೆಯ ಮುಂದೆ ಕೂರದವಳು, ಅತ್ತೆಯನ್ನು ಏಕವಚನದಲ್ಲಿ ಗದರಿಸಿದ್ದಳು. ಅದೂ ಈ ಮನೆಯದಲ್ಲದ ಮಾತಿನಲ್ಲಿ.

"ಮೈಮೇಲೆ ಬಂದಿದೆ," ಎಂದು ಬಸಮ್ಮನವರು ಪಿಸುಗುಟ್ಟಿದರು. "ಅವಳೇ ಬಂದಿದಾಳೆ."

ಸುಮಿತ್ರಮ್ಮ ನೆಲದ ಮೇಲೆ ಕೂತು ನೀಲನನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಗುವಿನ ತಲೆಯಲ್ಲಿ ಕೊಬ್ಬರಿಎಣ್ಣೆಯ ವಾಸನೆ ಇತ್ತು. ಯಾರೂ ತಡೆಯಲಿಲ್ಲ.

ಬೆಟ್ಟಮ್ಮ ಮೈಮೇಲೆ ಬಂದಿದ್ದಳೇ? ಸುಮಿತ್ರಮ್ಮ ಅದನ್ನು ಮುಂದೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಆ ಮಾತುಗಳನ್ನು ಆಡುತ್ತಿದ್ದಾಗ ಆಕೆಗೆ ಪೂರ್ತಿ ಎಚ್ಚರವಿತ್ತು. ಪ್ರತಿಯೊಂದು ಮಾತೂ ತಾನು ತಿಂಗಳಾನುಗಟ್ಟಲೆ ನುಂಗಿಕೊಂಡಿದ್ದದ್ದೇ. ಹೇಳುವ ಬಾಯಿ ಮಾತ್ರ ಬೆಟ್ಟಮ್ಮನದು. ಆಡಿದವಳು ತಾನಲ್ಲ, ಬೆಟ್ಟಮ್ಮ ಎಂದು ಹೇಳಿ ಅತ್ತೆಗೆ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಆ ದಿನದಿಂದ ತಟ್ಟೆ ಲೋಟ ಒಟ್ಟಿಗೆ ಸೇರಿದವು. ದೆವ್ವಕ್ಕೆ ಹೆದರಿಯೋ ಏನೋ, ಬಸಮ್ಮನವರು ಸೊಸೆಗೆ ಎದುರಾಡಲಿಲ್ಲ. ತಿಂಗಳೆರಡು ಕಳೆದ ಮೇಲೆ ಹೆದರಿಕೆಯೂ ಮರೆತು, ಬರೀ ಅಭ್ಯಾಸ ಉಳಿಯಿತು.

ಬೇಸಗೆಯಲ್ಲಿ ಮತ್ತೆ ಎಕ್ಸ್-ರೇ ತೆಗೆಸುವ ದಿನ ಬಂತು. ತಾನೊಬ್ಬಳೇ ಹೋಗಿಬರುತ್ತೇನೆ ಎಂದಳು ಸುಮಿತ್ರಮ್ಮ. ಗುರುತಿನ ಬುಡನ್ ಸಾಹೇಬರ ಜಟಕಾ ಕರೆಸಿಕೊಟ್ಟರು ವೃಷಭೇಂದ್ರಪ್ಪ. ಆಸ್ಪತ್ರೆಯ ಕೆಲಸ ಮುಗಿಸಿ ಹತ್ತಿದವಳು, "ಸಾಹೇಬ್ರೇ, ಮನೆ ಕಡೆಗಲ್ಲ. ಮೇಟಗಳ್ಳಿಗೆ ಹೊಡೀರಿ," ಎಂದಳು.

ಮಹದೇವುವಿನ ಮನೆ ಊರ ನಡುವೆ ಇತ್ತು. ಹೊರಗೆ ಎಮ್ಮೆ ಮೆಲುಕು ಹಾಕುತ್ತಿತ್ತು. ತುಂಬು ಬಸುರಿ ಹೆಂಗಸೊಬ್ಬಳು ಬಾಗಿಲಿಗೆ ಬಂದು, ಪೇಟೆಯ ಸೀರೆ ಕಂಡು, "ಬನ್ನಿ ಅವ್ವ, ಬಿಸ್ಲಲ್ಲಿ ಬಂದಿದ್ದೀರಿ, ಕೂತ್ಕಳಿ," ಎಂದು ಚಾಪೆ ಹಾಸಿದಳು. ಅವಳೇ ಲಕ್ಷ್ಮಮ್ಮ, ಎರಡನೆಯ ಹೆಂಡತಿ. ಮಜ್ಜಿಗೆ ತಂದುಕೊಟ್ಟಳು. ಅವಳನ್ನು ದ್ವೇಷಿಸುವುದಕ್ಕೆ ಸಿದ್ಧಳಾಗಿ ಬಂದಿದ್ದ ಸುಮಿತ್ರಮ್ಮನಿಗೆ ಅದು ಸಾಧ್ಯವಾಗಲಿಲ್ಲ. ಹುಡುಗಿಗೆ ಇಪ್ಪತ್ತೂ ತುಂಬಿರಲಿಕ್ಕಿಲ್ಲ.

"ಈ ಕಡೆ ಬಂದಿದ್ದೆ. ನಿಮ್ಮ ದೊಡ್ಡ ಮಗು ಚಾಮೀನ ನೋಡ್ಕೊಂಡ್ ಹೋಗೋಣ ಅಂತ..." ಸುಳ್ಳು ಹೇಳಲು ಬಾರದೆ ಮಾತು ಅರ್ಧಕ್ಕೆ ನಿಂತಿತು. "ಅದರ ತಾಯಿ ನನಗೆ ಪರಿಚಯ."

ಲಕ್ಷ್ಮಮ್ಮ ಎದುರಿಗೆ ಕೂತಳು. "ನೋಡಿ ಅವ್ವ, ನೀವೇ ಏನಾರ ಮದ್ದಿದ್ರೆ ಏಳಿ. ಆ ಮೊಗ ಮಾತೇ ಆಡಕಿಲ್ಲ. ಮೂಲೇಲಿ ಕುಂತಿರ್ತದೆ. ಪ್ಯಾಟೆ ಕಡೆ ಗಾಡೀಲಿ ಓಗಾನ ಅಂದ್ರೆ ಕಿರುಚ್ಕತದೆ. ಅವ್ರವ್ವನ ದೆವ್ವ ಕನ್ನಂಬಾಡಿ ರಸ್ತೇಲಿ ನಿಂತು ಕೂಗ್ತಂತೆ ಒಂದ್ ಕಿತ. ತಾಯ್ತ ಕಟ್ಸಿವ್ನಿ, ಚಾಮುಂಡಿ ಬೆಟ್ಟಕ್ ಕರ್ಕೋಗಿವ್ನಿ. ಏನ್ ಮಾಡಿದ್ರೂ ಬುಡಕಿಲ್ಲ."

ಒಳಗೆ, ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯ ಪಕ್ಕದ ಕತ್ತಲಲ್ಲಿ, ಎರಡು ಕಣ್ಣು ಕಂಡವು. ಸುಮಿತ್ರಮ್ಮ ಕೈನೀಡಿ ಕರೆದಳು. ಮಗು ಬರಲಿಲ್ಲ. ತಾನೇ ಎದ್ದು ಹೋಗಿ ನೆಲದ ಮೇಲೆ ಕೂತಳು. ಅಗಲವಾದ ಹಣೆ, ದಪ್ಪ ಹುಬ್ಬು. ಬೆಟ್ಟಮ್ಮನ ಮುಖವನ್ನೇ ಚಿಕ್ಕದು ಮಾಡಿ ಅಲ್ಲಿಟ್ಟ ಹಾಗಿತ್ತು. ನಗು ಮಾತ್ರ ಇರಲಿಲ್ಲ.

"ರಸ್ತೇಲಿ ಏನ್ ಕಂಡೆ ಕಂದಾ?"

ಎಮ್ಮೆ ಎರಡು ಸಲ ಕೂಗಿತು.

"ಅವ್ವ ಕೂಗ್ತು," ಎಂದಳು ಚಾಮಿ. ದನಿ ಗಾಳಿಯಷ್ಟು ಸಣ್ಣದು. "ದೊಡ್ಡಪ್ಪ ಅಂದ, ಅದು ದೆವ್ವ, ತಿರುಗ್ ನೋಡ್ಬ್ಯಾಡ ಅಂತ. ನಾನ್ ನೋಡ್ಬುಟ್ಟೆ. ಅದುಕ್ಕೇ ನನ್ನ ಇಡ್ಕಂಡದೆ."

ಸುಮಿತ್ರಮ್ಮ ಕಾದಳು. ಏನನ್ನು ಕಾಯುತ್ತಿದ್ದೇನೆ ಎಂದು ಆಮೇಲೆ ಹೊಳೆಯಿತು: ಆ ಎರಡು ಚಿಕ್ಕ ಕೆಮ್ಮು, ಒಂದು ಉದ್ದನೆಯದು. ಏನೂ ಹೇಳಬೇಡ ಎಂದು ಬೆಟ್ಟಮ್ಮ ಹೇಳಿಯೇ ಹೋಗಿದ್ದಳು. ಈಗ ಒಂದು ಸಲ ಕೆಮ್ಮಿದ್ದರೆ, ಹೂಂ ಎಂದೋ ಬೇಡ ಎಂದೋ ತಿಳಿಯುತ್ತಿತ್ತು. ಮನೆಯೊಳಗೆ, ಅಂಗಳದಲ್ಲಿ, ಹಿತ್ತಲಲ್ಲಿ, ಎಲ್ಲೂ ಸದ್ದಿಲ್ಲ. ಬೆಟ್ಟಮ್ಮ ಸತ್ತಿದ್ದಾಳೆ ಎಂದು ಮೊದಲ ಸಲ ಪೂರ್ತಿಯಾಗಿ ಅನಿಸಿದ್ದು ಆಗ.

"ದೆವ್ವ ಅಲ್ಲ ಮಗೂ," ಎಂದಳು. "ಅದು ನಿಮ್ಮವ್ವನೇ. ಜೀವ ಇತ್ತು ಆಗ. ಆಸ್ಪತ್ರೇಲಿ ನನ್ನ ಪಕ್ಕದ ಮಂಚದಲ್ಲಿದ್ಲು. ನಿನ್ನ ಕಂಡು ಕೂಗಿದ್ಲು. ನೀನು ತಿರುಗಿ ನೋಡಿದ್ದು ಅವಳಿಗೆ ಕಾಣಿಸ್ತು. ಸಾಯೋತನಕ ನನ್ನ ಹತ್ರ ಅದನ್ನೇ ಹೇಳ್ಕೊಂಡ್ಲು. ನನ್ ಮೊಗ ನನ್ನ ನೋಡ್ತು ಅಂತ."

ಮಗು ಅಳುತ್ತದೆ, ತನ್ನ ಮಡಿಲಿಗೆ ಬೀಳುತ್ತದೆ ಎಂದು ಸುಮಿತ್ರಮ್ಮ ಎಣಿಸಿದ್ದಳು. ಹಾಗಾಗಲಿಲ್ಲ. ಚಾಮಿ ಹುಬ್ಬು ಗಂಟಿಕ್ಕಿ ಯೋಚಿಸಿತು.

"ಅಂಗಾರೆ ಗಾಡಿ ಯಾಕ್ ನಿಲ್ಲಿಸ್ನಿಲ್ಲ?"

ಹಿಂದೆ ಏನೋ ದಡ್ಡೆಂದಿತು. ಲಕ್ಷ್ಮಮ್ಮ ಗೋಡೆ ಹಿಡಿದು ನೆಲಕ್ಕೆ ಕುಸಿದು ಕೂತಿದ್ದಳು.

"ಯಾವಾಗ ಸತ್ತಿದ್ದು ಅವ್ವ, ಆಯಮ್ಮ?"

"ಹೋದ ಆಷಾಢ."

ತನ್ನ ಮದುವೆ ಯಾವಾಗ ಆಯಿತೆಂದು ಲಕ್ಷ್ಮಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಷ್ಟರಲ್ಲಿ ಹೊಲದಿಂದ ಮಹದೇವು ಬಂದ. ತೆಳ್ಳನೆಯ, ಬಾಗಿದ ಆಳು. ಪರಸ್ಥಳದ ಹೆಂಗಸನ್ನೂ ಹೆಂಡತಿಯ ಮುಖವನ್ನೂ ನೋಡಿ ಬಾಗಿಲಲ್ಲೇ ನಿಂತ.

"ಅವ್ಳು ಬದುಕಿರೋವಾಗ್ಲೇ ನಂಗ್ ತಾಳಿ ಕಟ್ಟಿದ್ಯಾ?" ಎಂದಳು ಲಕ್ಷ್ಮಮ್ಮ.

ಅವನು ಸುಳ್ಳಾಡಲಿಲ್ಲ. ಹೆಗಲ ಟವಲು ತೆಗೆದು ಕೈಯಲ್ಲಿ ಹಿಂಡಿದ. "ಊರೋರು ಬಾವಿಗೆ ಬುಡ್ತಿರ್ನಿಲ್ಲ. ಹಾಲ ಕೊಳ್ತಿರ್ನಿಲ್ಲ. ರೋಗದ್ ಮನೆ ಅಂದ್ರು. ಅಣ್ಣ ಅಂದ, ಎಂಗೂ ಅವ್ಳು ಉಳ್ಯಾದಿಲ್ಲ, ಓದ್ಲು ಅಂತ ಏಳ್ಬುಡಾನ ಅಂತ..." ಆಮೇಲೆ ಸುಮಿತ್ರಮ್ಮನ ಕಡೆ ತಿರುಗಿದ. "ಕೊನೇಲಿ ಏನಾರ ಅಂದ್ಲಾ ಅವ್ವ? ನನ್ನ?"

"ಇಲ್ಲ," ಎಂದಳು ಸುಮಿತ್ರಮ್ಮ. ಅದು ನಿಜ. ಬೈಗುಳವನ್ನಾದರೂ ನಿರೀಕ್ಷಿಸಿದ್ದವನ ಮುಖ ಆ ಒಂದು ಮಾತಿಗೆ ಸತ್ತುಹೋಯಿತು.

ಜಟಕಾ ಹತ್ತುವಾಗ ಚಾಮಿ ಬಾಗಿಲಲ್ಲಿ ನಿಂತಿತ್ತು. ವಾಡೆಯ ಪಕ್ಕದಿಂದ ಎದ್ದು ಬಂದಿತ್ತು.

ಆ ಮನೆಯಲ್ಲಿ ಮುಂದೆ ಆದದ್ದೆಲ್ಲ ಸುಮಿತ್ರಮ್ಮನಿಗೆ ಆಸ್ಪತ್ರೆಯ ಆಯಾಳಿಂದ ಬಿಡಿಬಿಡಿಯಾಗಿ ತಿಳಿಯಿತು. ಲಕ್ಷ್ಮಮ್ಮ ಹೆರಿಗೆಗೆಂದು ತೌರಿಗೆ ಹೋದವಳು ಬಹಳ ದಿನ ಬರಲಿಲ್ಲ. ಅಣ್ಣತಮ್ಮಂದಿರು ಬೇರೆಯಾದರು, ಕೃಷ್ಣಪ್ಪನ ಜೊತೆ ಮಹದೇವು ಮಾತು ಬಿಟ್ಟ. ತಾನು ಬೆಟ್ಟಮ್ಮನ ಮಾತು ಮೀರಿ ಒಂದು ಸಂಸಾರವನ್ನು ಒಡೆದೆನೇ ಎಂಬ ಸಂಕಟ ಸುಮಿತ್ರಮ್ಮನನ್ನು ಬಿಡಲಿಲ್ಲ. ಕೆಮ್ಮು ನಿಂತಿತೇ ಎಂದರೆ, ಅದೂ ನಿಲ್ಲಲಿಲ್ಲ. ಅಪರೂಪವಾಯಿತು ಅಷ್ಟೆ. ಕೇಳಿಸಿದಾಗ ಆಕೆ ಎದ್ದುಹೋಗಿ ನೋಡುವುದನ್ನು ಬಿಟ್ಟಳು. ಕೈಯಲ್ಲಿದ್ದ ಕೆಲಸ ನಿಲ್ಲಿಸಿ, "ಹೇಳ್ಬಿಟ್ಟೆ ಕಣವ್ವ, ಏನ್ ಮಾಡ್ಲಿ," ಎನ್ನುವಳು. ಬಸಮ್ಮನವರು ಕೇಳಿದರೂ ಕೇಳದವರಂತೆ ಇರುತ್ತಿದ್ದರು.

ಮಳೆಗಾಲ ಕಳೆದು, ದಸರೆಯ ಜನ ಊರು ಬಿಟ್ಟ ಮೇಲೆ, ಒಂದು ಬೆಳಗ್ಗೆ ಲಕ್ಷ್ಮಮ್ಮ ಬುಡನ್ ಸಾಹೇಬರಿಂದ ಮನೆ ತಿಳಿದುಕೊಂಡು ಬಂದಳು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಸೊಪ್ಪಿನ ಕುಕ್ಕೆ, ಪಕ್ಕದಲ್ಲಿ ಚಾಮಿ. ಕುಕ್ಕೆ ಇಳಿಸಿ, "ಇವ್ಳೇ ಬರ್ಬೇಕು ಅಂದ್ಲು," ಎಂದಳು. "ಗಾಡೀಲೇ ಬಂದೋ. ಕಣ್ಮುಚ್ಕಂಡು ಕೂತಿದ್ಲು, ಆದ್ರೂ ಬಂದ್ಲು."

ಬಸಮ್ಮನವರು ಆ ಹುಡುಗಿಯನ್ನು ಅಡಿಯಿಂದ ಮುಡಿಯತನಕ ನೋಡಿದರು. ಯಾರ ಮಗಳೆಂದು ಸೊಸೆಯನ್ನು ಕೇಳಲಿಲ್ಲ, ತಿಳಿದುಕೊಂಡರು. ಒಳಗೆ ಹೋಗಿ ಬಾಳೆಹಣ್ಣು ತಂದು, ಸ್ವಲ್ಪ ದೂರದಿಂದಲೇ ಚಾಮಿಯ ಕೈಗೆ ಕೊಟ್ಟರು.

"ಅವ್ವ ಇದ್ದ ಜಾಗ ತೋರ್ಸಿ," ಎಂದಳು ಚಾಮಿ ಸುಮಿತ್ರಮ್ಮನಿಗೆ.

ಬುಡನ್ ಸಾಹೇಬರ ಜಟಕಾದಲ್ಲಿ ಹೋದರು. ಲಕ್ಷ್ಮಮ್ಮ ಕೂಸಿನ ಜೊತೆ ಮನೆಯಲ್ಲೇ ಉಳಿದಳು. ಆಸ್ಪತ್ರೆಯ ಗೇಟಿನ ಹೊರಗೆ ಇಳಿದಾಗ ಚಾಮಿ ಸುಮಿತ್ರಮ್ಮನ ಕೈ ಹಿಡಿದುಕೊಂಡಳು. ವರಾಂಡದಲ್ಲಿ ಬಿಸಿಲು ಬಿದ್ದಿತ್ತು. ಮಂಚಗಳೆಲ್ಲ ತುಂಬಿದ್ದವು.

"ಆ ಕೊನೆಯಿಂದ ಮೂರನೇದು ನಿಮ್ಮವ್ವಂದು. ಅದರ ಪಕ್ಕದ್ದು ನಂದು."

ಎರಡು ಮಂಚದಲ್ಲೂ ಈಗ ಬೇರೆಯವರಿದ್ದರು. ಬೆಟ್ಟಮ್ಮನ ಮಂಚದಲ್ಲಿದ್ದ ಹೆಂಗಸು ಎದ್ದು ಕೂತು, ಕಂಬಳಿಯೊಳಗಿಂದ ಒಣಗಿದ ಕೈಯನ್ನು ತೆಗೆದು ಇತ್ತ ಬೀಸಿದಳು. ಗೇಟಿನಲ್ಲಿ ಮಗುವನ್ನು ಕಂಡು ತನ್ನದೇ ಮಗು ಎಂದುಕೊಂಡಳೋ, ಸುಮ್ಮನೆ ಬೀಸಿದಳೋ. ಚಾಮಿ ಓಡಿಹೋಗುತ್ತಾಳೆ ಎಂದುಕೊಂಡು ಸುಮಿತ್ರಮ್ಮ ಅವಳ ಕೈಯನ್ನು ಬಿಗಿಯಾಗಿ ಹಿಡಿದಳು.

ಚಾಮಿ ಓಡಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಬಾಳೆಹಣ್ಣು ಹಿಡಿದಿದ್ದ ಕೈಯನ್ನೇ ಮೇಲಕ್ಕೆತ್ತಿ ಬೀಸಿ ತೋರಿಸಿದಳು.

"ಆಯಮ್ಮನ್ನ ನೋಡಕ್ ಯಾರೂ ಬರಕಿಲ್ವಾ?"

"ಗೊತ್ತಿಲ್ಲ ಕಣವ್ವ."

"ಕೇಳಾನ ಬನ್ನಿ," ಎಂದು ಚಾಮಿ ಅವಳನ್ನು ಎಳೆದಳು. ಇಬ್ಬರೂ ಗೇಟು ತಳ್ಳಿಕೊಂಡು ಅಂಗಳಕ್ಕೆ ಹೋದರು.